ಕೊಳೆಯಲೆಂದೇ ಕಟ್ಟಿದ ಶಿಲ್ಪ: ಕಾಯಬೇಕಾದದ್ದು ಯಾವುದನ್ನು?

ಬಾದಾಮಿಯ 3ನೇ ಗುಹೆಯ ಶಾಸನದ ಕಾಲ ಕ್ರಿ.ಶ. 578. ಅಲ್ಲಿ ಉಳಿ ಹಿಡಿದವರು ಕಲ್ಲು ಉಳಿಯಲೆಂದೇ ಕಡೆದರು. 1917ರಲ್ಲಿ ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂ ಅಂಗಡಿಯ ಮೂತ್ರಪಾತ್ರೆಯನ್ನೇ ಕಲಾಕೃತಿಯಾಗಿ ಮುಂದಿಟ್ಟ. 1967ರ ಹೊತ್ತಿಗೆ ಇಟಲಿಯ ಕಲಾವಿದರು ಮಣ್ಣು, ಚಿಂದಿಗಳನ್ನೂ ಶಿಲ್ಪದೊಳಗೆ ತಂದರು. ಒಡೆದ ಬಳೆ, ಪಿಂಗಾಣಿ ಚೂರುಗಳಲ್ಲಿ ನೇಕ್ ಚಂದ್ ಕಟ್ಟಿದ ಚಂಡೀಗಢದ ಉದ್ಯಾನ 1976ರಲ್ಲಿ ಜನರಿಗೆ ತೆರೆಯಿತು. ಆಮೇಲೆ ಗುಜರಿಗೆ ಸರ್ಕ್ಯೂಟ್ ಬೋರ್ಡ್‌ಗಳು ಬಂದು ಬಿದ್ದವು. ಮಣ್ಣು, ಮರದ ಜೊತೆ ಅವನ್ನೂ ಸೇರಿಸಿ ಕಟ್ಟುವ ಶಿಲ್ಪದಲ್ಲಿ ಯಾವುದು ಕೊಳೆಯಬೇಕು, ಯಾವುದನ್ನು ಕಾಯಬೇಕು ಎಂಬ ಗೊಂದಲವೂ ಶುರುವಾಯಿತು.

ಆಲಮಟ್ಟಿ ಹಿನ್ನೀರಿಗೆ ಊರಿನ ಒಂದು ಭಾಗವೇ ಹೋಗಿ ನವನಗರ ಎದ್ದ ಬಾಗಲಕೋಟೆಯಲ್ಲಿ, ಬಿಚ್ಚಿದ ಮನೆಯ ತೊಲೆ-ಜಂತಿಗೆ ಬೇರೆಯೇ ತೂಕವಿದೆ. ಅಂಥ ಜಂತಿಗೆ ಎರೆಮಣ್ಣು ಮೆತ್ತುವುದಾದರೆ 3 ಬುಟ್ಟಿ ಮಣ್ಣಿಗೆ 1 ಬುಟ್ಟಿ ಸಣ್ಣಗೆ ಕೊಚ್ಚಿದ ಜೋಳದ ಕಣಿಕೆ ಸೇರಿಸಿ 4–5 ದಿನ ನೆನೆಹಾಕಬೇಕು. ಬರೀ ಎರೆಮಣ್ಣು ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಜಾಲಿ ಕಟ್ಟಿಗೆಗೆ ಕಬ್ಬಿಣದ ಮೊಳೆ ಹೊಡೆದರೆ ಅದರ ಒಗರು ಕಬ್ಬಿಣಕ್ಕೆ ತಾಗಿ ಸುತ್ತಲೂ ಕಪ್ಪು ಕಲೆ ಹಬ್ಬುತ್ತದೆ. ಕಲೆ ಬೇಡವೆಂದರೆ ಮರದ ಗೂಟ ಬಡಿಯಿರಿ. ಸರ್ಕ್ಯೂಟ್ ಬೋರ್ಡಿನ ತಾಮ್ರ ಹಸಿರಾಗುತ್ತದೆ, ಆದರೆ ಅದರ ಗಾಜಿನ ನಾರು ಕೊಳೆಯುವುದಿಲ್ಲ. ಅದನ್ನು ಉಜ್ಜುವಾಗ ಮಾಸ್ಕ್ ಇರಲೇಬೇಕು, ಸುಡಲಂತೂ ಕೂಡದು. ಹಳೆಯ ಮೊಬೈಲಿನ ಬೋರ್ಡ್ ಬಳಸುವುದಾದರೆ ಬ್ಯಾಟರಿಯನ್ನು ಮೊದಲೇ ತೆಗೆದಿಡಬೇಕು.

ಮಣ್ಣಿನ ತೇವ ಅಳೆದು ಬೆಳಕನ್ನೋ ಧ್ವನಿಯನ್ನೋ ಬದಲಿಸುವ ಶಿಲ್ಪಗಳಲ್ಲಿ ಮೊದಲು ಸಾಯುವುದು ಮಣ್ಣಲ್ಲ, ಸೆನ್ಸರ್. ಎರಡು ಕಡ್ಡಿಯ ಅಗ್ಗದ ಸೆನ್ಸರ್‌ಗೆ ಸದಾ ವಿದ್ಯುತ್ ಹರಿಯುತ್ತಿದ್ದರೆ ಒಂದು ಕಡ್ಡಿಯ ತಾಮ್ರ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಲೋಹ ಮಣ್ಣಿಗೆ ತಾಗದಂತೆ ತೇವ ಅಳೆಯುವ ಕೆಪಾಸಿಟಿವ್ ಸೆನ್ಸರ್ ತಗೊಂಡು, ಅದರ ಪಟ್ಟಿಯ ಕತ್ತರಿಸಿದ ಅಂಚಿಗೆ ಉಗುರುಬಣ್ಣದ ಎರಡು ಲೇಪ ಕೊಟ್ಟು, ತಾಸಿಗೊಮ್ಮೆ ಅಳೆಯುವಾಗ ಮಾತ್ರ ವಿದ್ಯುತ್ ಕೊಟ್ಟರೆ ಬಾಳಿಕೆ ಹೆಚ್ಚು.

ಕೊಳೆಯುವಿಕೆಯನ್ನು ದಾಖಲಿಸಲು ವಾರಕ್ಕೊಮ್ಮೆ ಸುತ್ತಲಿಂದ 60–80 ಫೋಟೊ ತೆಗೆದು ತ್ರೀಡಿ ಮಾದರಿ ಮಾಡುತ್ತಾರೆ. ಒಂದು ಫೋಟೊದ ಮುಕ್ಕಾಲು ಭಾಗ ಮುಂದಿನದರಲ್ಲೂ ಕಾಣಬೇಕು. ಫ್ಲ್ಯಾಶ್ ಬೇಡ, ಮೋಡದ ಬೆಳಕು ಒಳ್ಳೆಯದು. ಹಲವರು ಎಡವುವುದು ಪೀಠದಲ್ಲಿ. ಪೀಠವೂ ಮಣ್ಣಿನದಾದರೆ ಅದೂ ಬದಲಾಗಿ ಈ ವಾರದ ಮಾದರಿ ಹೋದ ವಾರದ್ದಕ್ಕೆ ಕೂಡುವುದೇ ಇಲ್ಲ. ಇಳಕಲ್ ಗ್ರಾನೈಟ್ ತುಂಡೊಂದನ್ನು ಅಡಿಗಿಟ್ಟು ಅದರ ಮೇಲೆ 4 ಗುರುತು ಕೊರೆದರೆ ಸಾಕು.

ಮಾದರಿ ಕೈಗೆ ಬಂದ ಮೇಲೆ ಮೂಲ ಶಿಲ್ಪಕ್ಕೆ ವಾರ್ನಿಷ್ ಬಳಿದು ಉಳಿಸೋಣ ಎಂಬ ಮಾತು ಏಳುತ್ತದೆ. ಬಳಿದರೆ ತೇವ ಒಳಗೇ ಸಿಕ್ಕಿ ಜಂತಿ ಒಳಗಿಂದೊಳಗೇ ಲಡ್ಡು ಹಿಡಿಯುತ್ತದೆ. ಹೊರಗೆ ಕಾಣಬೇಕಾದ ಬದಲಾವಣೆ ಮಾತ್ರ ನಿಲ್ಲುತ್ತದೆ. ಅದಕ್ಕೇ ಕೃತಿ ಒಪ್ಪಿಸುವಾಗಲೇ ಒಂದು ಕಾಗದ ಬರೆಯಬೇಕು: ಸೆನ್ಸರ್, ತಂತಿ ಬದಲಿಸಬಹುದು, ಮಣ್ಣು, ಕಣಿಕೆ, ಜಂತಿ ಮುಟ್ಟುವಂತಿಲ್ಲ. ಗೆದ್ದಲು ಹತ್ತಿದರೆ ಏನು ಮಾಡಬೇಕೆಂಬುದೂ ಅದರಲ್ಲೇ ಇರಲಿ, ಮೊದಲ ಮಳೆಗಾಲದಲ್ಲೇ ಆ ಪ್ರಶ್ನೆ ಬರುತ್ತದೆ.