ಮಕ್ಕಳ ಮಲಬದ್ಧತೆಗೆ ಮೆಗ್ನೀಷಿಯಂ: ಭೇದಿಯಾಗದಿದ್ದಾಗ ಹೆಚ್ಚು ಎಚ್ಚರ

ಮೆಗ್ನೀಷಿಯಂ ಕೊಟ್ಟರೆ ಮಗುವಿಗೆ ಭೇದಿ ಹತ್ತಿಕೊಂಡೀತು ಎಂಬುದೇ ಹೆಚ್ಚಿನವರ ಭಯ. ಪರೀಕ್ಷೆಯಲ್ಲಿ ಅಡ್ಡಪರಿಣಾಮ ಕೇಳಿದರೂ ವಿದ್ಯಾರ್ಥಿಗಳಾದ ನಾವು ಮೊದಲು ಬರೆಯುವುದು ಅದನ್ನೇ. ತಪ್ಪೇನಿಲ್ಲ. ಆದರೆ ಜೀವಕ್ಕೇ ಕುತ್ತು ಬಂದಾಗಿನ ಕಥೆ ಬೇರೆ. ಔಷಧ ಕೊಟ್ಟರೂ ಹೊಟ್ಟೆ ಕಟ್ಟಿಕೊಂಡೇ ಇರುತ್ತದೆ, ಸಾಲಲಿಲ್ಲವೇನೋ ಎಂದು ಇನ್ನಷ್ಟು ಕೊಟ್ಟಿರುತ್ತಾರೆ. ಭೇದಿಯಾದರೆ ಮೆಗ್ನೀಷಿಯಂ ಅದರ ಜೊತೆಗೇ ಹೊರಬೀಳುತ್ತದೆ. ಆಗದಿದ್ದರೆ ಕರುಳಿನಲ್ಲೇ ಕೂತು ರಕ್ತಕ್ಕೆ ಇಳಿಯುತ್ತಾ ಹೋಗುತ್ತದೆ. ಇದೊಂದು ಮನಸ್ಸಿಗೆ ಇಳಿದರೆ ಕೆಳಗಿನ ಎಚ್ಚರಿಕೆಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಕರುಳಿನಲ್ಲಿ ಆಗುವುದೇನು

ಮಲ ಸಡಿಲಿಸಲು ಕೊಡುವ ಬಿಳಿ ದ್ರವ ಔಷಧ ಮಿಲ್ಕ್ ಆಫ್ ಮೆಗ್ನೀಷಿಯಾದಲ್ಲಿರುವುದು ಮೆಗ್ನೀಷಿಯಂ ಹೈಡ್ರಾಕ್ಸೈಡ್. ಅದೂ, ಮಾತ್ರೆ-ಪುಡಿಗಳಲ್ಲಿ ಬರುವ ಮೆಗ್ನೀಷಿಯಂ ಆಕ್ಸೈಡ್ ಕೂಡ ನೀರಿನಲ್ಲಿ ಕರಗುವುದೇ ಕಷ್ಟ. ಜಠರದ ಆಮ್ಲದೊಂದಿಗೆ ಸೇರಿ ಮೆಗ್ನೀಷಿಯಂ ಕ್ಲೋರೈಡ್ ಆದ ಮೇಲೆಯೇ ಅವು ಕೆಲಸಕ್ಕೆ ಬರುತ್ತವೆ. ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ ಆಕ್ಸೈಡ್ ಸಪ್ಪೆಯಾಗುವುದು ಇದರಿಂದಲೇ. ಸಿಟ್ರೇಟ್, ಸಲ್ಫೇಟ್‌ಗಳಿಗೆ ಆಮ್ಲದ ಹಂಗು ಅಷ್ಟಿಲ್ಲ.

ಕರುಳಿಗೆ ಇಳಿದ ಮೆಗ್ನೀಷಿಯಂನಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಹೋಗುತ್ತದೆ. ಉಳಿದದ್ದು ತನ್ನ ಸುತ್ತ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ, ಹಿಗ್ಗಿದ ಕರುಳು ತಾನಾಗಿ ಮುಂದೆ ತಳ್ಳುತ್ತದೆ. ಅರ್ಧ ಗಂಟೆಯಿಂದ 6 ಗಂಟೆಯೊಳಗೆ ಪರಿಣಾಮ ಕಾಣಬೇಕು. ಈ ನೀರು ಬರುವುದು ಮಗು ಕುಡಿದದ್ದರಿಂದ, ಅದು ಸಾಲದಿದ್ದರೆ ಮಗುವಿನ ಮೈಯಿಂದ. ಹಾಗಾಗಿ ನೀರು ಕುಡಿಯಲೊಲ್ಲದ ಮಗುವಿಗೆ ಈ ಔಷಧ ಸರಿಹೊಂದುವುದಿಲ್ಲ.

ರಕ್ತ ಸೇರಿದ ಹೆಚ್ಚುವರಿ ಮೆಗ್ನೀಷಿಯಂ ಹೊರಹೋಗಲು ಒಂದೇ ದೊಡ್ಡ ಬಾಗಿಲು: ಮೂತ್ರಪಿಂಡ. ಅದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಸಾಮಾನ್ಯ ಡೋಸ್‌ನಲ್ಲಿ ರಕ್ತದ ಮಟ್ಟ ಏರುವುದು ಅತ್ಯಲ್ಪ. ಮಲದ ದಾರಿಯೂ ಮೂತ್ರದ ದಾರಿಯೂ ಒಟ್ಟಿಗೆ ನಿಧಾನವಾದ ದಿನ ಲೆಕ್ಕ ತಪ್ಪುತ್ತದೆ.

ಲೇಬಲ್ಲಿನ ಲೆಕ್ಕ

ಎಡವುವವರೆಲ್ಲ ಎಡವುವ ಜಾಗ ಇದು. '400 ಮಿ.ಗ್ರಾಂ' ಎಂದು ಬರೆದಿದ್ದರೆ ಅದು ಸಂಯುಕ್ತದ ತೂಕವೋ, ಅದರೊಳಗಿನ ಎಲಿಮೆಂಟಲ್ ಮೆಗ್ನೀಷಿಯಂನ, ಅಂದರೆ ಬರೀ ಮೆಗ್ನೀಷಿಯಂನ, ತೂಕವೋ? ಔಷಧದ ಬಾಟಲಿಗಳು ಸಾಮಾನ್ಯವಾಗಿ ಸಂಯುಕ್ತದ ತೂಕ ಹೇಳುತ್ತವೆ, ಸಪ್ಲಿಮೆಂಟ್ ಡಬ್ಬಿಗಳು ಹೆಚ್ಚಾಗಿ ಎಲಿಮೆಂಟಲ್ ತೂಕ ಹೇಳುತ್ತವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಡೋಸ್ ಎರಡು ಮೂರು ಪಟ್ಟು ಆಚೀಚೆಯಾಗುತ್ತದೆ.

ತೂಕದಲ್ಲಿ ಮೆಗ್ನೀಷಿಯಂನ ಪಾಲು ಆಕ್ಸೈಡ್‌ನಲ್ಲಿ ಸುಮಾರು 60%, ಹೈಡ್ರಾಕ್ಸೈಡ್‌ನಲ್ಲಿ 42%, ಸಿಟ್ರೇಟ್‌ನಲ್ಲಿ 16%, ಗ್ಲೈಸಿನೇಟ್‌ನಲ್ಲಿ 14%, ಎಪ್ಸಮ್ ಉಪ್ಪು ಎನ್ನುವ ಸಲ್ಫೇಟ್‌ನಲ್ಲಿ 10%. ಸಾಮಾನ್ಯ ಮಿಲ್ಕ್ ಆಫ್ ಮೆಗ್ನೀಷಿಯಾದ 5 ಮಿ.ಲೀ.ಯಲ್ಲಿ 400 ಮಿ.ಗ್ರಾಂ ಹೈಡ್ರಾಕ್ಸೈಡ್ ಇರುತ್ತದೆ. 400 × 0.417 ಮಾಡಿದರೆ ಸುಮಾರು 167 ಮಿ.ಗ್ರಾಂ ಎಲಿಮೆಂಟಲ್ ಮೆಗ್ನೀಷಿಯಂ. ಅದೇ 400 ಮಿ.ಗ್ರಾಂ ಆಕ್ಸೈಡ್ ಆಗಿದ್ದರೆ 241.

ಈಗ ಓದುವವರನ್ನು ಗೊಂದಲಕ್ಕೆ ಕೆಡಹುವ ಸಂಗತಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1997ರಲ್ಲಿ ಆಹಾರ ಬಿಟ್ಟು ಸಪ್ಲಿಮೆಂಟ್ ಮತ್ತು ಔಷಧಗಳಿಂದ ಬರುವ ಮೆಗ್ನೀಷಿಯಂಗೆ ದಿನದ ಮೇಲ್ಮಿತಿ ಹಾಕಿತು: 1ರಿಂದ 3 ವರ್ಷಕ್ಕೆ 65 ಮಿ.ಗ್ರಾಂ, 4ರಿಂದ 8ಕ್ಕೆ 110, 9 ದಾಟಿದವರಿಗೆ 350. ಹಾಗಾದರೆ 4 ವರ್ಷದ ಮಗುವಿಗೆ 5 ಮಿ.ಲೀ.ಯ ಒಂದೇ ಚಮಚ, ಅಂದರೆ 167 ಮಿ.ಗ್ರಾಂ, ಕೊಟ್ಟರೂ ಮಿತಿ ಮೀರಿತಲ್ಲ? ಮೀರಿತು, ನಿಜ. ಆದರೆ ಆ ಮಿತಿಯನ್ನು ನಿಗದಿ ಮಾಡಿದ್ದೇ ಭೇದಿ ಶುರುವಾಗುವ ಹಂತವನ್ನು ಇಟ್ಟುಕೊಂಡು. ಮಲಬದ್ಧತೆಗೆ ಕೊಡುವಾಗ ನಮಗೆ ಬೇಕಾಗಿರುವುದೇ ಆ ಪರಿಣಾಮ. ಹಾಗಾಗಿ ವೈದ್ಯರು ಮಗುವನ್ನು ನೋಡಿ ಬರೆದ ಡೋಸ್ ಈ ಮಿತಿಗಿಂತ ಮೇಲಿದ್ದರೆ ಅದು ವಿಷ ಅಂತಲ್ಲ. ಯಾರೂ ನೋಡದೆ, ದಿನಾ, 'ವಿಟಮಿನ್ ತಾನೇ' ಎಂದು ಕೊಡುವವರಿಗೆ ಮಾತ್ರ ಅದು ಮಿತಿಯೇ.

ಗಮ್ಮಿ ರೂಪದ ಸಪ್ಲಿಮೆಂಟ್‌ಗಳ ಬಗ್ಗೆ ಒಂದು ಮಾತು. ಗ್ಲೈಸಿನೇಟನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ, ಅದು ಹೊಟ್ಟೆ ಕೆಡಿಸುವುದಿಲ್ಲ ಎಂದೇ ಮಾರುತ್ತಾರೆ. ಹೊಟ್ಟೆ ಸಡಿಲಿಸದ ಮೆಗ್ನೀಷಿಯಂನಿಂದ ಮಲಬದ್ಧತೆಗೆ ಏನು ಪ್ರಯೋಜನ? ಮೇಲಾಗಿ ಅವು ಮಕ್ಕಳ ಕಣ್ಣಿಗೆ ಮಿಠಾಯಿ. ಡಬ್ಬಿ ಕೈಗೆ ಸಿಗದಂತಿಡಬೇಕು.

ಡೋಸ್ ಮತ್ತು ಅದರ ಸ್ಥಾನ

ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿಯಲ್ಲಿ ಮೊದಲ ಆಯ್ಕೆ ಪಾಲಿಎಥಿಲೀನ್ ಗ್ಲೈಕಾಲ್, ಅದು ಸಿಗದಿದ್ದರೆ ಲ್ಯಾಕ್ಟುಲೋಸ್; ಎರಡೂ ಕರುಳಿನಲ್ಲಿ ನೀರು ಹಿಡಿದಿಡುವ, ಮೆಗ್ನೀಷಿಯಂ ಇಲ್ಲದ ಔಷಧಗಳು. ಮಿಲ್ಕ್ ಆಫ್ ಮೆಗ್ನೀಷಿಯಾ ಎರಡನೇ ಸಾಲಿನದು, ಅಥವಾ ಜೊತೆಗೆ ಸೇರಿಸಿಕೊಳ್ಳುವಂಥದ್ದು. ಅಲ್ಲಿ ಕೊಟ್ಟಿರುವ ಹೈಡ್ರಾಕ್ಸೈಡ್ ಪ್ರಮಾಣ ದಿನಕ್ಕೆ 2ರಿಂದ 5 ವರ್ಷಕ್ಕೆ 0.4–1.2 ಗ್ರಾಂ, 6ರಿಂದ 11ಕ್ಕೆ 1.2–2.4 ಗ್ರಾಂ, 12ರಿಂದ 18ಕ್ಕೆ 2.4–4.8 ಗ್ರಾಂ. ಒಂದೇ ಸಲಕ್ಕಾಗಲಿ, ಭಾಗ ಮಾಡಿಯಾಗಲಿ ಕೊಡಬಹುದು. ಕೆಳಗಿನ ಅಂಕಿಯಿಂದ ಶುರು ಮಾಡಿ, ಮೆತ್ತಗಿನ ಮಲ ಬರುವವರೆಗೆ ಕೆಲವು ದಿನಗಳಿಗೊಮ್ಮೆ ಏರಿಸುವುದು ರೂಢಿ. 2 ವರ್ಷದೊಳಗಿನವರಿಗೆ ಈ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಆ ಖಾಲಿ ಜಾಗವನ್ನು ನಾವು ಅಂದಾಜಿನಿಂದ ತುಂಬುವಂತಿಲ್ಲ.

ಎರಡನೇ ಸಾಲಿಗೆ ಸರಿದದ್ದು ಔಷಧ ಕೆಲಸ ಮಾಡದೆ ಅಲ್ಲ. 2006ರಲ್ಲಿ ಪ್ರಕಟವಾದ, 79 ಮಕ್ಕಳನ್ನು ಒಂದು ವರ್ಷ ಹಿಂಬಾಲಿಸಿದ ಹೋಲಿಕೆಯಲ್ಲಿ ಪಾಲಿಎಥಿಲೀನ್ ಗ್ಲೈಕಾಲ್, ಮಿಲ್ಕ್ ಆಫ್ ಮೆಗ್ನೀಷಿಯಾ ಎರಡೂ ಹೆಚ್ಚುಕಡಿಮೆ ಸಮನಾಗಿಯೇ ಫಲ ಕೊಟ್ಟವು. ಆದರೆ ಮಿಲ್ಕ್ ಆಫ್ ಮೆಗ್ನೀಷಿಯಾವನ್ನು 35% ಮಕ್ಕಳು ಬಾಯಿಗೇ ಹಾಕಿಕೊಳ್ಳದಾದರು, ಪಾಲಿಎಥಿಲೀನ್ ಗ್ಲೈಕಾಲ್ ನಿರಾಕರಿಸಿದವರು 5% ಮಾತ್ರ. ಸುಣ್ಣದ ನೀರಿನಂಥ ಆ ರುಚಿಯೇ ಅದರ ಶತ್ರು.

ಬಾಟಲಿ, ಚಮಚ

ಮಿಲ್ಕ್ ಆಫ್ ಮೆಗ್ನೀಷಿಯಾ ದ್ರಾವಣವಲ್ಲ, ನೀರಿನಲ್ಲಿ ತೇಲಿಬಿಟ್ಟ ಪುಡಿ. ನಾಲ್ಕು ದಿನ ಅಲುಗಾಡಿಸದೆ ಇಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಮೇಲೆ ತಿಳಿನೀರು, ತಳದಲ್ಲಿ ಬಿಳಿ ಗಸಿ ಕಾಣುತ್ತದೆ. ಹಾಗೇ ಬಗ್ಗಿಸಿದರೆ ಮೊದಲ ದಿನಗಳಲ್ಲಿ ಮಗುವಿಗೆ ಸಿಗುವುದು ಬಹುಪಾಲು ನೀರು. 'ಔಷಧ ನಾಟಲಿಲ್ಲ' ಎಂದು ಪ್ರಮಾಣ ಏರಿಸುತ್ತಾರೆ. ಬಾಟಲಿ ಮುಗಿಯುತ್ತಾ ಬಂದಾಗ ಅದೇ ಏರಿಸಿದ ಪ್ರಮಾಣದಲ್ಲಿ ಗಸಿ ಹೋಗುತ್ತದೆ. ಪ್ರತಿ ಸಲವೂ ಚೆನ್ನಾಗಿ ಕುಲುಕಿ, ತಳದಲ್ಲಿ ಅಂಟಿದ್ದು ಬಿಟ್ಟಿತೇ ಎಂದು ನೋಡಿಯೇ ಅಳೆಯಬೇಕು.

ಅಳತೆಗೆ ಸೂಜಿಯಿಲ್ಲದ ಓರಲ್ ಸಿರಿಂಜ್ ಒಳ್ಳೆಯದು. ಅಡುಗೆಮನೆಯ ಚಮಚಗಳಲ್ಲಿ ಒಂದು 3 ಮಿ.ಲೀ. ಹಿಡಿದರೆ ಇನ್ನೊಂದು 7 ಹಿಡಿಯುತ್ತದೆ. ಇನ್ನೊಂದು ಬಲೆ: ಸಾಂದ್ರ ರೂಪದ ಬಾಟಲಿಗಳಲ್ಲಿ 5 ಮಿ.ಲೀ.ಗೆ 800 ಅಥವಾ 1,200 ಮಿ.ಗ್ರಾಂ ಇರುತ್ತದೆ. ಬ್ರ್ಯಾಂಡ್ ಬದಲಾದಾಗ 'ಎಂದಿನಂತೆ 10 ಮಿ.ಲೀ.' ಎಂದರೆ ಡೋಸ್ ಎರಡು ಮೂರು ಪಟ್ಟಾಗುತ್ತದೆ. ಚೀಟಿಯಲ್ಲಿ ಮಿ.ಲೀ. ಜೊತೆ ಮಿ.ಗ್ರಾಂ ಕೂಡ ಬರೆಯುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಿ. ಕೆಲವು ಆಂಟಾಸಿಡ್‌ಗಳಲ್ಲೂ ಮೆಗ್ನೀಷಿಯಂ ಇರುವುದರಿಂದ ಮಗು ಬೇರೇನು ತೆಗೆದುಕೊಳ್ಳುತ್ತಿದೆ ಎಂದು ಕೇಳಿಯೇ ಕೂಡಿಸಬೇಕು.

ಯಾರಿಗೆ ಅಪಾಯ

ಮೂತ್ರಪಿಂಡದ ಕೆಲಸ ಕುಂದಿದ ಮಕ್ಕಳಿಗೆ ಕೊಡಬಾರದು. ಶಿಶುಗಳ ವಿಷಯದಲ್ಲಿ ಕಾಯಿಲೆಯೇ ಬೇಕಿಲ್ಲ: ಹುಟ್ಟುವಾಗ ಮೂತ್ರಪಿಂಡದ ಸೋಸುವ ಶಕ್ತಿ ಕಡಿಮೆಯೇ ಇದ್ದು, ದೊಡ್ಡವರ ಮಟ್ಟ ಮುಟ್ಟಲು ಸುಮಾರು 2 ವರ್ಷ ಹಿಡಿಯುತ್ತದೆ. ಸಹಜ ಮಕ್ಕಳಲ್ಲೂ ವಾಂತಿ-ಜ್ವರ ಬಂದು ನೀರಿನಂಶ ಇಳಿದಾಗ ಮೂತ್ರ ತಗ್ಗುತ್ತದೆ. ಅಂಥ ದಿನ ಮೆಗ್ನೀಷಿಯಂ ನಿಲ್ಲಿಸಬೇಕು.

ಮಲ ಚಲಿಸದ ಕರುಳು ಇನ್ನೊಂದು ಗುಂಪು. ಹಿರ್ಷ್‌ಸ್ಪ್ರಂಗ್ ಕಾಯಿಲೆ (ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿಲ್ಲದ ಹುಟ್ಟುದೋಷ), ಕರುಳಿನ ಅಡಚಣೆ, ಸೆರೆಬ್ರಲ್ ಪಾಲ್ಸಿಯಿಂದ (ಮಿದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ತೊಂದರೆ) ಓಡಾಟವಿಲ್ಲದ ಮಕ್ಕಳು ಇದರಲ್ಲಿ ಬರುತ್ತಾರೆ. ಹುಟ್ಟಿ 48 ಗಂಟೆ ಕಳೆದರೂ ಮೊದಲ ಕಪ್ಪು ಮಲ ಹೋಗದಿದ್ದದ್ದು, ಮೊದಲ ತಿಂಗಳಲ್ಲೇ ಶುರುವಾದ ಮಲಬದ್ಧತೆ, ಹಸಿರು ಪಿತ್ತದ ವಾಂತಿ, ಬಿಗಿದು ಉಬ್ಬಿದ ಹೊಟ್ಟೆ, ತೂಕ ಏರದಿರುವುದು, ಕಾಲುಗಳ ಬಲಹೀನತೆ, ಬೆನ್ನಿನ ಕೆಳಗೆ ಕೂದಲ ಗೊಂಚಲು ಅಥವಾ ಗುಳಿ: ಇವುಗಳಲ್ಲಿ ಒಂದಿದ್ದರೂ ಭೇದಿ ಔಷಧ ಪಕ್ಕಕ್ಕಿಟ್ಟು ಕಾರಣ ಹುಡುಕಬೇಕು. ಎಪ್ಸಮ್ ಉಪ್ಪಿನ ಎನಿಮಾವನ್ನಂತೂ ಮಕ್ಕಳಿಗೆ ಮುಟ್ಟಿಸಬೇಡಿ. ಹಿಗ್ಗಿದ ದೊಡ್ಡಕರುಳಿನಲ್ಲಿ ಆ ನೀರು ಹೊರಬಾರದೆ ನಿಂತರೆ ಅದರಲ್ಲಿನ ಮೆಗ್ನೀಷಿಯಂ ನೇರ ರಕ್ತಕ್ಕೆ ಇಳಿಯುತ್ತದೆ.

2000ದಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ವರದಿಯಾದ ಪ್ರಕರಣ ಇವೆಲ್ಲವನ್ನೂ ಒಂದೆಡೆ ತೋರಿಸುತ್ತದೆ. ಕೈಕಾಲು ಸೆಟೆದು ಓಡಾಟವಿಲ್ಲದ 28 ತಿಂಗಳ ಮಗು. ವಿಟಮಿನ್-ಖನಿಜಗಳ ಭಾರೀ ಡೋಸ್ ಚಿಕಿತ್ಸೆಯ ಭಾಗವಾಗಿ ದಿನಕ್ಕೆ 800 ಮಿ.ಗ್ರಾಂ ಮೆಗ್ನೀಷಿಯಂ ಆಕ್ಸೈಡ್ ನಡೆಯುತ್ತಿತ್ತು. ಮಲಬದ್ಧತೆ ಬಿಡಲಿಲ್ಲವೆಂದು ಅದನ್ನು 2,400ಕ್ಕೆ ಏರಿಸಲಾಯಿತು. ರಕ್ತದ ಮೆಗ್ನೀಷಿಯಂ ಡೆಸಿಲೀಟರ್‌ಗೆ 20 ಮಿ.ಗ್ರಾಂ ದಾಟಿತ್ತು, ಮಗು ಉಳಿಯಲಿಲ್ಲ. ಲೆಕ್ಕ ಹಾಕಿ ನೋಡಿ: 2,400 ಆಕ್ಸೈಡ್ ಎಂದರೆ ಸುಮಾರು 1,450 ಮಿ.ಗ್ರಾಂ ಎಲಿಮೆಂಟಲ್. ಮಾರ್ಗಸೂಚಿಯ ಪ್ರಕಾರ ಆ ವಯಸ್ಸಿನ ಗರಿಷ್ಠ 1.2 ಗ್ರಾಂ ಹೈಡ್ರಾಕ್ಸೈಡ್‌ನಲ್ಲಿರುವುದು 500. ಹತ್ತಿರಹತ್ತಿರ ಮೂರು ಪಟ್ಟು, ಅದೂ ಚಲಿಸದ ಕರುಳಿಗೆ.

ಇನ್ನೊಂದು ತುದಿಯನ್ನೂ ನೋಡಬೇಕು, ಇಲ್ಲದಿದ್ದರೆ ಔಷಧಕ್ಕೆ ಅನ್ಯಾಯ. ಮೆಗ್ನೀಷಿಯಂ ಆಕ್ಸೈಡ್ ಬಳಕೆ ಹೆಚ್ಚಿರುವ ಜಪಾನಿನಲ್ಲಿ 120 ಮಕ್ಕಳ ರಕ್ತ ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಬಂತು. ಸಹಜ ಮೂತ್ರಪಿಂಡದ ಆ ಮಕ್ಕಳು ದಿನಕ್ಕೆ ಸುಮಾರು 600 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದರೂ ಮಟ್ಟ ಕೊಂಚವಷ್ಟೇ ಏರಿತ್ತು, ತೊಂದರೆಯ ಲಕ್ಷಣ ಯಾರಲ್ಲೂ ಕಾಣಲಿಲ್ಲ.

ಮಟ್ಟ ಏರಿದರೆ

ಸಹಜ ಮಟ್ಟ ಡೆಸಿಲೀಟರ್‌ಗೆ ಸುಮಾರು 1.7ರಿಂದ 2.4 ಮಿ.ಗ್ರಾಂ. ಮೊದಲು ವಾಕರಿಕೆ, ಮುಖ ಕೆಂಪೇರುವುದು, ಮಂಪರು. ಮಟ್ಟ 7 ದಾಟುತ್ತಾ ಮಂಡಿಯ ರಿಫ್ಲೆಕ್ಸ್ ಕುಂದುತ್ತದೆ, ರಕ್ತದೊತ್ತಡ ಇಳಿಯುತ್ತದೆ. 12ರ ಆಸುಪಾಸಿನಲ್ಲಿ ಉಸಿರಾಟದ ಸ್ನಾಯುಗಳು ಸೋಲುತ್ತವೆ, ಅದರಾಚೆ ಹೃದಯ. ಪುಟ್ಟ ಮಕ್ಕಳಲ್ಲಿ ಮಂಪರನ್ನು 'ಸುಸ್ತಾಗಿ ಮಲಗಿದೆ' ಎಂದು ಬಿಟ್ಟುಬಿಡುವುದುಂಟು. ಎಬ್ಬಿಸಿದರೂ ಮೈ ಜೋತುಬೀಳುತ್ತಿದ್ದರೆ, ಉಸಿರು ನಿಧಾನವಾಗಿದ್ದರೆ ಮುಂದಿನ ಡೋಸ್ ಕೊಡದೆ ನೇರ ತುರ್ತು ವಿಭಾಗಕ್ಕೆ, ಬಾಟಲಿಯ ಸಮೇತ. ಅಲ್ಲಿ ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ಗ್ಲೂಕೊನೇಟ್ ಮೆಗ್ನೀಷಿಯಂನ ಹೊಡೆತಕ್ಕೆ ಅಡ್ಡ ನಿಲ್ಲುತ್ತದೆ, ಆದರೆ ಮಟ್ಟವನ್ನು ಇಳಿಸುವುದಿಲ್ಲ. ಇಳಿಸಲು ಮೂತ್ರವೇ ಆಗಬೇಕು, ಇಲ್ಲವೇ ಡಯಾಲಿಸಿಸ್.

ತಿಂಗಳುಗಟ್ಟಲೆ ಕೊಡುವುದಾದರೆ ಮೆಗ್ನೀಷಿಯಂ ಮತ್ತು ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಆಗಾಗ ಮಾಡಿಸುವುದು ಒಳ್ಳೆಯದು. ವರದಿಯಲ್ಲಿ ಯೂನಿಟ್ ನೋಡಿ. ಲೀಟರ್‌ಗೆ 1 ಮಿಲಿಮೋಲ್ ಎಂದರೆ ಡೆಸಿಲೀಟರ್‌ಗೆ 2.43 ಮಿ.ಗ್ರಾಂ.

ಬೇರೆ ಔಷಧಗಳ ವಿಷಯ ಚಿಕ್ಕದು: ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್, ಕಬ್ಬಿಣ, ಥೈರಾಯ್ಡ್ ಮಾತ್ರೆಗಳನ್ನು ಮೆಗ್ನೀಷಿಯಂ ಕರುಳಿನಲ್ಲೇ ತಡೆಯುತ್ತದೆ. ಕೆಲವು ಗಂಟೆ ಅಂತರ ಬೇಕು, ಥೈರಾಯ್ಡ್ ಮಾತ್ರೆಗಾದರೆ 4.

'ಭೇದಿ' ಎಂದು ಹೇಳಿಕೊಂಡು ಬಂದಾಗ

ಒಳಉಡುಪಿನಲ್ಲಿ ದಿನಕ್ಕೆ ನಾಲ್ಕೈದು ಸಲ ತೆಳ್ಳನೆಯ ಕಲೆ, ಆದರೆ ಮಗು ಕೂತು ಸರಿಯಾಗಿ ಮಲ ಮಾಡಿ ವಾರವಾಗಿದೆ ಎಂದರೆ ಅದು ಔಷಧ ಹೆಚ್ಚಾಗಿ ಆದ ಭೇದಿಯಲ್ಲ. ಗುದನಾಳದಲ್ಲಿ ಗಟ್ಟಿ ಉಂಡೆ ಕೂತಿದೆ, ಅದರ ಬದಿಯಿಂದ ನೀರು ಜಿನುಗುತ್ತಿದೆ. ಮೆಗ್ನೀಷಿಯಂ ನಿಲ್ಲಿಸಿದರೆ ಉಂಡೆ ಇನ್ನೂ ಗಟ್ಟಿಯಾಗುತ್ತದೆ. ಏರಿಸಿದರೆ ಅದು ಉಂಡೆಯ ಹಿಂದೆ ಸಿಕ್ಕಿಕೊಂಡು ರಕ್ತಕ್ಕೆ ಇಳಿಯುತ್ತದೆ. ಮೊದಲು ಉಂಡೆಯನ್ನು ತೆಗೆಯಬೇಕು: ವೈದ್ಯರ ನಿಗಾದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ದಿನಕ್ಕೆ ಕೆ.ಜಿ.ಗೆ 1ರಿಂದ 1.5 ಗ್ರಾಂ, 3ರಿಂದ 6 ದಿನ. ಆಮೇಲೆ ಕನಿಷ್ಠ 2 ತಿಂಗಳು ನಿರ್ವಹಣೆಯ ಡೋಸ್, ಲಕ್ಷಣಗಳೆಲ್ಲ ಹೋಗಿ ಒಂದು ತಿಂಗಳಾದ ಮೇಲಷ್ಟೇ ನಿಧಾನವಾಗಿ ಇಳಿಸುವುದು. ಮೆಗ್ನೀಷಿಯಂ ಬೇಕಾದರೆ ಅದರ ಸರದಿ ದಾರಿ ತೆರವಾದ ಈ ನಿರ್ವಹಣೆಯ ಹಂತದಲ್ಲಿ.