ಸ್ಟೀಲ್ ತಣ್ಣಗಿದೆಯೇ? ಒಂದು ವೈವಾ ಪ್ರಶ್ನೆ

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಹೀಟ್ ಟ್ರಾನ್ಸ್‌ಫರ್ (ಶಾಖ ವರ್ಗಾವಣೆ) ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಮೇಜಿನ ಮರದ ಹಲಗೆಯನ್ನೂ ಅದರ ಸ್ಟೀಲ್ ಕಾಲನ್ನೂ ಮುಟ್ಟಿ ನೋಡಲು ಹೇಳಿ, "ಯಾವುದರ ತಾಪಮಾನ ಕಡಿಮೆ?" ಎನ್ನುತ್ತೇನೆ. ಹರಿಯುವ ದ್ರವ, ಅನಿಲಗಳಿಗೆ ಶಾಖ ಸಾಗುವ ಲೆಕ್ಕದಲ್ಲಿ ಬರುವ ನುಸೆಲ್ಟ್ ಸಂಖ್ಯೆಯ ಸೂತ್ರವನ್ನು ಗಟ್ಟಿಯಾಗಿ ಒಪ್ಪಿಸಿದವರೇ ಥಟ್ಟನೆ "ಸ್ಟೀಲ್‌ದು ಸರ್" ಎಂದುಬಿಡುತ್ತಾರೆ. ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದ ಎರಡರ ತಾಪಮಾನವೂ ಒಂದೇ.

ಬೆರಳಿಗೆ ಮೇಜಿನ ತಾಪಮಾನ ತಿಳಿಯುವುದಿಲ್ಲ. ಚರ್ಮದೊಳಗಿನ ನರಗಳಿಗೆ ಗೊತ್ತಾಗುವುದು ಚರ್ಮದ್ದೇ ತಾಪಮಾನ. ಎರಡು ವಸ್ತುಗಳು ತಾಗಿದೊಡನೆ ನಡುವಿನ ಗಡಿಯ ತಾಪಮಾನ ಎಲ್ಲಿ ನಿಲ್ಲಬೇಕೆಂದು ಒಂದು ಹಗ್ಗಜಗ್ಗಾಟ ನಡೆಯುತ್ತದೆ. ಅಲ್ಲಿ ಎಳೆಯುವ ಬಲವೇ ಥರ್ಮಲ್ ಎಫ್ಯೂಸಿವಿಟಿ: ಶಾಖವಾಹಕತೆ, ಸಾಂದ್ರತೆ, ವಿಶಿಷ್ಟ ಶಾಖ ಮೂರನ್ನೂ ಗುಣಿಸಿ ತೆಗೆದ ವರ್ಗಮೂಲ. ಚರ್ಮದ್ದು 1 ಎಂದಿಟ್ಟುಕೊಂಡರೆ ಮರದ್ದು ಸುಮಾರು ಮೂರನೇ ಒಂದು ಭಾಗ, ಸ್ಟೇನ್‌ಲೆಸ್ ಸ್ಟೀಲ್‌ದು ಸುಮಾರು 6. ಕೋಣೆ 24 ಡಿಗ್ರಿ, ಚರ್ಮ 34 ಡಿಗ್ರಿ ಇದ್ದರೆ, ಮರ ಮುಟ್ಟಿದಾಗ ಗಡಿ ನಿಲ್ಲುವುದು 31.5ರ ಹತ್ತಿರ, ಸ್ಟೀಲ್ ಮುಟ್ಟಿದಾಗ 25.4ಕ್ಕೆ ಕುಸಿಯುತ್ತದೆ. ಚರ್ಮ ಸುಳ್ಳು ಹೇಳುತ್ತಿಲ್ಲ, ನಾವು ಅದನ್ನು ಕೇಳುತ್ತಿರುವ ಪ್ರಶ್ನೆಯೇ ಬೇರೆ.

ಈ ಗೊಂದಲ ಹಳೆಯದು. 18ನೇ ಶತಮಾನದಲ್ಲಿ ಗ್ಲಾಸ್ಗೋದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಶಾಖದ ಪ್ರಮಾಣವೇ ಬೇರೆ, ಅದರ ತೀವ್ರತೆ, ಅಂದರೆ ತಾಪಮಾನವೇ ಬೇರೆ ಎಂದು ಬಿಡಿಸಿ ತೋರಿಸಬೇಕಾಯಿತು. ಕರಗುವ ಮಂಜುಗಡ್ಡೆ ಶಾಖವನ್ನು ನುಂಗುತ್ತಲೇ ಇರುತ್ತದೆ, ಥರ್ಮಾಮೀಟರ್ ಮಾತ್ರ ಕದಲುವುದಿಲ್ಲ. ಗುಪ್ತೋಷ್ಣದ ಕಲ್ಪನೆ ಹುಟ್ಟಿದ್ದು ಅಲ್ಲಿ. ಶಾಖ ಹರಿಯುವ ದರಕ್ಕೆ ಗಣಿತ ಕೊಟ್ಟ ಫ್ರೆಂಚ್ ಗಣಿತಜ್ಞ ಫೂರಿಯೇ ಅವರ ಗ್ರಂಥ ಬಂದದ್ದು 1822ರಲ್ಲಿ.

ಇಷ್ಟಾದರೂ ತರಗತಿಯಲ್ಲಿ ಅದೇ ಗೊಂದಲ. ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಪ್ರಿನ್ಸ್, ಮಾರ್ಗೊ ವಿಜಂಟ್ ಮತ್ತು ಸಂಗಡಿಗರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದೇ ಶಾಖದ ಬಗ್ಗೆ ಲೆಕ್ಕವಿಲ್ಲದ, ಬರೀ ಪರಿಕಲ್ಪನೆಯ ಪರೀಕ್ಷೆಯೊಂದನ್ನು ರೂಪಿಸಿದರು. ಅವರು ಬೆನ್ನುಹತ್ತಿದ ತಪ್ಪು ಕಲ್ಪನೆಗಳಲ್ಲಿ ಒಂದು ಹೀಗಿದೆ: ಒಂದೇ ತೂಕದ ಮಂಜುಗಡ್ಡೆಯನ್ನು ಪಾನೀಯಕ್ಕೆ ಇಡಿಯಾಗಿ ಹಾಕಿದರೆ ಹೆಚ್ಚು ತಂಪೋ, ಪುಡಿ ಮಾಡಿ ಹಾಕಿದರೋ? ಪುಡಿ ಬೇಗ ಕರಗುತ್ತದೆ, ಆದ್ದರಿಂದ ಹೆಚ್ಚು ತಂಪು ಎನ್ನುವವರು ಬಹಳ. ಹೊರಗಿನ ಶಾಖ ಒಳಬಾರದಿದ್ದರೆ ಕೊನೆಯ ತಾಪಮಾನ ಎರಡರಲ್ಲೂ ಒಂದೇ. ಬದಲಾಗುವುದು ವೇಗ ಮಾತ್ರ. ಪಾಠ ಕೇಳಿದ ಮೇಲೂ ಇಂಥ ಎಷ್ಟೋ ತಪ್ಪುಗಳು ಉಳಿದೇ ಇದ್ದವು. ನಮ್ಮ ಪರೀಕ್ಷೆಗಳಲ್ಲಿ ಸೂತ್ರ, ಕೋಷ್ಟಕಗಳ ಡೇಟಾ ಹ್ಯಾಂಡ್‌ಬುಕ್ ತೆರೆದು, ಸರಿಯಾದ ಸಮೀಕರಣ ಹುಡುಕಿ, ಬೆಲೆ ತುಂಬಿಸಿದರೆ ಅಂಕ ಸಿಗುತ್ತದೆ. ಪ್ರಶ್ನೆಪತ್ರಿಕೆ ಬರೆಯುವ ನಾವು ಪುಡಿ ಐಸಿನ ಪ್ರಶ್ನೆಗೆ ಎರಡಂಕವನ್ನಾದರೂ ಮೀಸಲಿಡಬೇಕು.

ತಾಪಮಾನ ಒಂದೇ ಎಂದರೆ ಕೆಲವರು, ವಸ್ತು ಸೂಸುವ ವಿಕಿರಣದಿಂದ ತಾಪಮಾನ ಹೇಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಲು ಹೋಗುತ್ತಾರೆ. ಹೊಳೆಯುವ ಲೋಹ ತಾನು ಸೂಸುವ ವಿಕಿರಣ ಕಡಿಮೆ, ಸುತ್ತಲಿಂದ ಬಿದ್ದದ್ದನ್ನು ಪ್ರತಿಫಲಿಸುವುದೇ ಹೆಚ್ಚು. ಹಾಗಾಗಿ ಆ ಅಂಕಿಯನ್ನು ನಂಬುವಂತಿಲ್ಲ. ಕಪ್ಪು ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಅದರ ಮೇಲೆ ಅಳೆಯಬೇಕು. ಇನ್ನೂ ಒಪ್ಪದವರಿಗೆ ದಪ್ಪ ಅಲ್ಯೂಮಿನಿಯಂ ಗಟ್ಟಿಯ ಮೇಲೊಂದು, ಮರದ ಮೇಲೊಂದು ಐಸ್ ತುಂಡು ಇಟ್ಟು ತೋರಿಸಬಹುದು. ಕೈಗೆ ತಣ್ಣಗೆನಿಸಿದ ಅಲ್ಯೂಮಿನಿಯಂ ಮೇಲಿನದೇ ಮೊದಲು ನೀರಾಗುತ್ತದೆ.