ಅಜ್ಜಿಯ ಪಟ್ಟದ ಗೊಂಬೆಯಲ್ಲಿ ಏನೋ ಇದೆ ಅಂತಾರೆ, ಇಟ್ಟುಕೊಳ್ಳಲಾ?

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅವರ ಪಟ್ಟದ ಗೊಂಬೆಗಳ ಜೋಡಿ ನನ್ನ ಪಾಲಿಗೆ ಬಂದಿದೆ. ರಾಣಿ ಗೊಂಬೆಯಲ್ಲಿ ಏನೋ ಸೇರಿಕೊಂಡಿದೆ, ರಾತ್ರಿ ಮುಖ ತಿರುಗಿಸುತ್ತೆ ಅಂತ ಚಿಕ್ಕಮ್ಮ ಹೇಳ್ತಾರೆ. ನಮ್ಮ ಅತ್ತೆ ಅದನ್ನು ಮನೆಯೊಳಗೆ ತರಲೇಬೇಡ ಅಂತಿದ್ದಾರೆ. ಇಟ್ಟುಕೊಳ್ಳಲಾ, ಹೊಳೆಗೆ ಬಿಡಲಾ?

ಉತ್ತರ: ಹೊಳೆಗೆ ಬಿಡಬೇಡಿ. ಭಯದಲ್ಲಿ ಬಿಟ್ಟರೆ ಗೊಂಬೆ ಹೋಗುತ್ತದೆ, ಭಯ ಮನೆಯಲ್ಲೇ ಉಳಿಯುತ್ತದೆ.

ದಸರಾ ಹತ್ತಿರ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ನಮ್ಮ ಮನೆಯ ರಾಣಿಯೂ ತಿರುಗುತ್ತಿದ್ದಳು, ಹಾಗಾಗಿ ನಿಮ್ಮ ಚಿಕ್ಕಮ್ಮ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಸಂಜೆ ರಾಜನ ಪಕ್ಕ ನೆಟ್ಟಗೆ ನಿಲ್ಲಿಸಿದರೆ ಎರಡು ದಿನಕ್ಕೆ ಗೋಡೆ ಕಡೆ ನೋಡುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ ಸೀರೆ ಎತ್ತಿ ತಳ ನೋಡಿದೆ. ಎಷ್ಟೋ ವರ್ಷದ ಅರಿಶಿನ ಕುಂಕುಮ ಎಣ್ಣೆ ಜೊತೆ ಸೇರಿ ನಡುವೆ ಒಂದು ಗಟ್ಟಿ ಉಂಡೆ ಆಗಿತ್ತು, ಹುಣಸೆ ಬೀಜದಷ್ಟು. ಆ ಉಂಡೆಯ ಮೇಲೆ ಅವಳು ಬುಗುರಿಯ ಹಾಗೆ ನಿಂತಿದ್ದಳು. ಕೆಳಗೆ ಬಸ್ ಓಡಾಡುವ ರಸ್ತೆ. ಮಡಿಸಿದ ಬಟ್ಟೆಯ ಮೇಲೆ ನಿಲ್ಲಿಸಿದೆ, ತಿರುಗುವುದು ನಿಂತಿತು.

ಇದೇ ಕಥೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲೂ ನಡೆಯಿತು. 2013ರಲ್ಲಿ ಅಲ್ಲಿನ ಸುಮಾರು 3,800 ವರ್ಷ ಹಳೆಯ ನೆಬ್-ಸೆನು ಎಂಬ ಈಜಿಪ್ಟಿನ ಪುಟ್ಟ ವಿಗ್ರಹ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ ತಾನಾಗೇ ತಿರುಗುತ್ತಿತ್ತು. ಶಾಪ ಅಂತ ಸುದ್ದಿಯೂ ಆಯಿತು. ಕೊನೆಗೆ ಕಂಪನ ಅಳೆಯುವ ತಜ್ಞರು ಬಂದು ನೋಡಿದರು. ರಸ್ತೆಯ ವಾಹನಗಳು, ಜನರ ಓಡಾಟದಿಂದ ಕಪಾಟು ಅದುರುತ್ತಿತ್ತು, ವಿಗ್ರಹದ ತಳ ಉಬ್ಬಿತ್ತು.

ಸದ್ದು ಕೇಳಿಸುತ್ತದೆ ಅಂತಲೂ ಹೇಳುತ್ತಾರೆ, ಅಲ್ವಾ? ಮಳೆಗಾಲದಲ್ಲಿ ಗೊಂಬೆಯ ಮರ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆಗ ಟಿಕ್ ಅನ್ನುತ್ತದೆ, ತೋಳಿನ ಜೋಡಣೆ ಸಡಿಲವಾಗಿ ಕೈ ತಾನೇ ಕೆಳಗಿಳಿಯುತ್ತದೆ. ಗೊಂಬೆ ಇಡುವ ಪೆಟ್ಟಿಗೆಯ ತಳದಲ್ಲಿ ಸಣ್ಣ ಹಿಟ್ಟಿನಂಥ ಹುಡಿ ಕಂಡರೆ ಕೊರೆಯುವ ಹುಳು ಸೇರಿದೆ ಅಂತ ತಿಳಿಯಿರಿ. ಒಳ್ಳೆಯ ಹಳೆಯ ಜೋಡಿಗಳನ್ನು ರಕ್ತಚಂದನದಲ್ಲಿ ಮಾಡುತ್ತಿದ್ದರು, ಅದಕ್ಕೆ ಹುಳು ಹಿಡಿಯುವುದು ಕಡಿಮೆ. ಹಗುರ ಮರದವಕ್ಕೆ ಜಾಸ್ತಿ.

ಇಷ್ಟು ಹೇಳಿದರೂ ನಿಮ್ಮ ಚಿಕ್ಕಮ್ಮನ ಭಯ ಹೋಗುವುದಿಲ್ಲ, ನನಗೆ ಗೊತ್ತು. ಅವರನ್ನು ಒಂದೇ ಒಂದು ಮಾತು ಕೇಳಿ: ಗೊಂಬೆಯಲ್ಲಿ ಏನೋ ಇದೆ ಅಂತ ಮೊದಲು ಅನಿಸಿದ್ದು ಯಾವ ವರ್ಷ?

ನಮ್ಮಲ್ಲಿ ಕೇಳಿದಾಗ ದೊಡ್ಡಮ್ಮ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಅಜ್ಜಿಯ ಕೊನೆ ಮಗಳು ಏಳು ವರ್ಷಕ್ಕೇ ಜ್ವರ ಬಂದು ತೀರಿಕೊಂಡಿದ್ದಳು, ಅದು ದಸರಾಕ್ಕೆ ಒಂದು ತಿಂಗಳ ಮುಂಚೆ. ಸಾವಾದ ಮನೆ, ಆ ವರ್ಷ ಹಬ್ಬವಿಲ್ಲ. ಆದರೆ ಒಮ್ಮೆ ಗೊಂಬೆ ಕೂರಿಸಲು ಶುರು ಮಾಡಿದರೆ ಬಿಡಬಾರದು ಅನ್ನುವುದೂ ಹಿರಿಯರ ಮಾತೇ. ಯಾವುದು ಪಾಲಿಸಿದರೂ ಇನ್ನೊಂದು ತಪ್ಪಿದ ಹಾಗೆ. ಮುಂದಿನ ವರ್ಷ ಹಸು ಸತ್ತರೂ, ಬೆಳೆ ಕೈಕೊಟ್ಟರೂ ಎಲ್ಲರ ಕಣ್ಣು ಆ ಪೆಟ್ಟಿಗೆಯ ಮೇಲೆ. ಮಗುವಿನ ಹೆಸರನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆ ರಾಣಿಗೆ ಸೀರೆ ಉಡಿಸುತ್ತಿದ್ದದ್ದು ಅದೇ ಮಗು ಅಂತೆ.

ಇನ್ನು ಗೊಂಬೆಯ ವಿಷಯ. ನೀರು ಹಾಕಿ ತೊಳೆಯಬೇಡಿ, ಹೊಸ ವಾರ್ನಿಷ್ ಬಳಿಯಬೇಡಿ. ಮೆತ್ತನೆಯ ಒಣ ಬ್ರಷ್ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಮುಟ್ಟಿದ ಮೇಲೆ ಕೈ ತೊಳೆಯಿರಿ, ಬಾಯಿಗೆ ಹಾಕಿಕೊಳ್ಳುವ ಮಕ್ಕಳ ಕೈಗೆ ಕೊಡಬೇಡಿ. ಪ್ಲಾಸ್ಟಿಕ್ ಕವರ್ ಬೇಡ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಿ. ವಿದೇಶದಲ್ಲಿರುವವರು ಒಯ್ಯುವ ಮುಂಚೆ ಯೋಚಿಸಬೇಕು. 100 ವರ್ಷ ದಾಟಿದ ಕಲಾವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸಲು 1972ರ ಕಾಯ್ದೆಯ ಅಡ್ಡಿ ಇದೆ, ರಕ್ತಚಂದನಕ್ಕೆ ಬೇರೆ ನಿರ್ಬಂಧಗಳೂ ಇವೆ.

ಅತ್ತೆಯ ಜೊತೆ ವಾದ ಮಾಡಬೇಡಿ. ಅವರ ಕಣ್ಣಿಗೆ ಬೀಳದ ಕಡೆ ಪೆಟ್ಟಿಗೆ ಇಡಿ, ಅಥವಾ ಈ ವರ್ಷ ಚಿಕ್ಕಮ್ಮನ ಮನೆಯಲ್ಲೇ ಇರಲಿ. ಎಲ್ಲ ಪ್ರಯತ್ನ ಮಾಡಿಯೂ ಯಾರಿಗೂ ಬೇಡವಾದರೆ, ಆಗ ಗೌರವದಿಂದ ಬೀಳ್ಕೊಡಬಹುದು. ಜಪಾನಿನ ವಕಯಾಮದ ಅವಾಶಿಮಾ ದೇವಾಲಯಕ್ಕೆ ಜನ ಹಳೆಯ ಗೊಂಬೆಗಳನ್ನು ತಂದು ಒಪ್ಪಿಸುತ್ತಾರೆ, ಅವಕ್ಕೆ ಅಲ್ಲಿ ಪೂಜೆಯಾಗುತ್ತದೆ.

ಆದರೆ ಮೊದಲು ಪೆಟ್ಟಿಗೆಯನ್ನು ಹಗಲು ಹೊತ್ತಲ್ಲಿ, ಚಿಕ್ಕಮ್ಮನ ಜೊತೆ ಕೂತು ತೆಗೆಯಿರಿ. ರಾಣಿಗೆ ಹೊಸ ಸೀರೆ ಉಡಿಸಲು ಅವರನ್ನೇ ಕೇಳಿ. ನಮ್ಮ ದೊಡ್ಡಮ್ಮ ಮೊದಲು ಒಲ್ಲೆ ಅಂದರು. ಆಮೇಲೆ ನೆರಿಗೆ ಹಿಡಿಯುತ್ತಾ, ನಲವತ್ತು ವರ್ಷದ ನಂತರ, ತಂಗಿಯ ಹೆಸರು ಹೇಳಿದರು.